ಉತ್ತರ ಇಂಗ್ಲೆಂಡಿನ ತಂಪಿನಲ್ಲಿ ಸಿಹಿಜೋಳ ಬೆಳೆಯುವ ಬಗೆ

ದಾವಣಗೆರೆ, ಹಾವೇರಿಯ ಕಡೆ ಮೆಕ್ಕೆಜೋಳದ ಹೊಲಗಳ ನಡುವೆ ಬೆಳೆದವರಿಗೆ ಬಿತ್ತನೆ ಎಂದರೆ ಮಳೆಯ ಲೆಕ್ಕ. ಮುಂಗಾರು ಬಿದ್ದು ನೆಲ ಹದಕ್ಕೆ ಬಂದರೆ ಕೂರಿಗೆ ಹೊರಡುತ್ತದೆ. ಶಾಖ ಸಾಲುತ್ತದೆಯೋ ಇಲ್ಲವೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಅಲ್ಲಿ ಎಂದೂ ಕೊರತೆಯಾಗುವುದಿಲ್ಲ. ಅದೇ ರೂಢಿಯನ್ನು ಇಟ್ಟುಕೊಂಡು ಯಾರ್ಕ್‌ಷೈರ್, ಲ್ಯಾಂಕಾಷೈರ್ ಅಥವಾ ಅದಕ್ಕೂ ಉತ್ತರದ ಊರಿನಲ್ಲಿ ಒಂದು ಅಲಾಟ್‌ಮೆಂಟ್ ತುಂಡನ್ನು (ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ಸಣ್ಣ ನೆಲವನ್ನು) ಪಡೆದು, ಜೂನ್ ತಿಂಗಳಲ್ಲಿ ನೇರವಾಗಿ ನೆಲಕ್ಕೆ ಸಿಹಿಜೋಳದ ಬೀಜ ಹಾಕಿದವರಿಗೆ ಸೆಪ್ಟೆಂಬರಿನಲ್ಲಿ ಸಿಗುವುದು ಎತ್ತರವಾಗಿ ಬೆಳೆದ ಹಸಿರು ದಂಟು ಮತ್ತು ಕಾಳು ತುಂಬದ ತೆನೆ. ಇಲ್ಲಿ ಬರ ಇರುವುದು ಮಳೆಗಲ್ಲ, ಬಿಸಿಲಿಗೆ. ತಳಿಯ ಆಯ್ಕೆ, ಬಿತ್ತುವ ದಿನ, ನಾಟಿ ಮಾಡುವ ಜಾಗ, ಮುಚ್ಚಿಗೆ, ಕೊಯ್ಲಿನ ಹೊತ್ತು ಇವೆಲ್ಲವನ್ನೂ ಇದೊಂದೇ ಸಂಗತಿಯಿಂದ ನಿರ್ಧರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಿಹಿಜೋಳ ಮೆಕ್ಕೆಜೋಳದ್ದೇ ಒಂದು ಬಗೆ. ಈ ಜೋಳದ ಗಿಡ ದಿನಗಳನ್ನು ಎಣಿಸುವುದಿಲ್ಲ, ಶಾಖವನ್ನು ಕೂಡಿಸುತ್ತದೆ. ಕೃಷಿ ವಿಜ್ಞಾನಿಗಳು ಇದನ್ನು ಅಳೆಯುವ ಕ್ರಮ ಸರಳವಾಗಿದೆ: ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶಗಳ ಸರಾಸರಿಯಿಂದ 10 ಡಿಗ್ರಿ ಸೆಲ್ಸಿಯಸ್ ಕಳೆದರೆ ಉಳಿಯುವುದು ಆ ದಿನ ಗಿಡಕ್ಕೆ ದಕ್ಕಿದ ಶಾಖ. 10 ಡಿಗ್ರಿಗಿಂತ ಕೆಳಗೆ ಜೋಳ ಬೆಳೆಯುವುದಿಲ್ಲವೆಂದೇ ಹೇಳಬಹುದು. 30 ಡಿಗ್ರಿ ದಾಟಿದ ಶಾಖದಿಂದಲೂ ಅದಕ್ಕೆ ಹೆಚ್ಚಿನ ಲಾಭವಿಲ್ಲ. ಹಗಲು 28, ರಾತ್ರಿ 20 ಡಿಗ್ರಿ ಇರುವ ಬಯಲುಸೀಮೆಯ ಒಂದು ದಿನದಲ್ಲಿ ಗಿಡಕ್ಕೆ 14 ಅಂಶ ಶಾಖ ಸಿಗುತ್ತದೆ. ಹಗಲು 21, ರಾತ್ರಿ 12 ಡಿಗ್ರಿ ಇರುವ ಯಾರ್ಕ್‌ಷೈರಿನ ಜುಲೈ ದಿನದಲ್ಲಿ ಸಿಗುವುದು ಆರೂವರೆ. ಬೀಜದ ಪೊಟ್ಟಣದ ಮೇಲೆ ‘70 ದಿನ’ ಎಂದು ಅಚ್ಚಾಗಿದ್ದರೆ ಅದು ಸಾಮಾನ್ಯವಾಗಿ ಬೆಚ್ಚನೆಯ ಬೇಸಿಗೆಯಲ್ಲಿ ಎಣಿಸಿದ ದಿನ. ಇಲ್ಲಿ ಏಪ್ರಿಲ್ ಕೊನೆಗೆ ಮನೆಯೊಳಗೆ ಬಿತ್ತಿದ ಅದೇ ತಳಿಯ ತೆನೆ ಕೈಗೆ ಬರುವ ಹೊತ್ತಿಗೆ ಆಗಸ್ಟ್ ಮುಗಿಯುತ್ತಾ ಬಂದಿರುತ್ತದೆ, ಎಷ್ಟೋ ವರ್ಷ ಸೆಪ್ಟೆಂಬರ್ ನಡುಭಾಗವೇ ಆಗುತ್ತದೆ. ಆದ್ದರಿಂದ ಪೊಟ್ಟಣದ ಸಂಖ್ಯೆಯನ್ನು ದಿನಗಳ ಭರವಸೆಯೆಂದು ಓದದೆ, ಒಂದು ತಳಿ ಇನ್ನೊಂದಕ್ಕಿಂತ ಎಷ್ಟು ಬೇಗ ಎಂದು ಹೋಲಿಸಿ ನೋಡಲು ಮಾತ್ರ ಬಳಸಬೇಕು.

ತಳಿಯ ಆಯ್ಕೆ

ಸಿಹಿಜೋಳದಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ, ಮತ್ತು ತಂಪು ನೆಲದಲ್ಲಿ ಇವುಗಳ ನಡುವಿನ ವ್ಯತ್ಯಾಸ ಬಹಳ ದೊಡ್ಡದು. ಮೊದಲನೆಯದು ಹಳೆಯ ಸಾಮಾನ್ಯ ಸಿಹಿಜೋಳ. ಇದರ ಸಿಹಿ ಹಿತಮಿತವಾದದ್ದು, ಜೋಳದ ನಿಜವಾದ ರುಚಿ ಗಾಢವಾಗಿರುತ್ತದೆ, ಮತ್ತು ಮಣ್ಣು 10ರಿಂದ 12 ಡಿಗ್ರಿ ಇದ್ದಾಗಲೂ ಬೀಜ ತಾಳಿಕೊಳ್ಳುತ್ತದೆ. ಎರಡನೆಯದು ಸೂಪರ್‌ಸ್ವೀಟ್. 1950ರ ದಶಕದ ಆರಂಭದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಜಾನ್ ಲಾಗ್ನನ್ ಗುರುತಿಸಿದ ಒಂದು ಗುಣದಿಂದ ಹುಟ್ಟಿದ ಈ ಬಗೆಯಲ್ಲಿ ಕಾಳು ತನ್ನ ಸಕ್ಕರೆಯನ್ನು ಪಿಷ್ಟವಾಗಿಸುವ ಕೆಲಸ ಬಹುತೇಕ ನಿಂತುಹೋಗಿರುತ್ತದೆ. ತೆನೆ ಬಹಳ ಸಿಹಿ, ಕೊಯ್ದ ಮೇಲೂ ಹಲವು ದಿನ ಸಿಹಿ ಉಳಿಯುತ್ತದೆ. ಆದರೆ ಅದೇ ಕಾರಣದಿಂದ ಒಣಗಿದ ಬೀಜ ಸುಕ್ಕುಗಟ್ಟಿ ಹಗುರವಾಗಿರುತ್ತದೆ. ಅಂಗೈಯಲ್ಲಿ ಹಾಕಿ ನೋಡಿದರೆ ಗುಂಡಗಿನ ಕಾಳಿನ ಬದಲು ಒಣದ್ರಾಕ್ಷಿಯಂತೆ ಮುದುಡಿದ ಚೂರುಗಳು ಕಾಣುತ್ತವೆ. ಮೊಳಕೆಗೆ ಬೇಕಾದ ಪಿಷ್ಟದ ದಾಸ್ತಾನು ಅದರೊಳಗೆ ಕಡಿಮೆ ಇರುವುದರಿಂದ ತಣ್ಣನೆಯ ಹಸಿ ಮಣ್ಣಿನಲ್ಲಿ ಅದು ಮೊಳೆಯುವ ಮೊದಲೇ ಕೊಳೆಯುತ್ತದೆ. ಮೂರನೆಯದು ಇವೆರಡರ ನಡುವೆ ನಿಲ್ಲುವ, ಸಿಪ್ಪೆ ಮೆತ್ತಗಿರುವ, ಸಿಹಿ ಹೆಚ್ಚಿಸಿದ ಬಗೆ.

ಉತ್ತರ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಬೆಳೆಯುವವರು ‘ಸನ್‌ಡಾನ್ಸ್’ನಂಥ ಬೇಗನೆ ಬರುವ ಸಾಮಾನ್ಯ ತಳಿಯನ್ನೋ, ತಂಪಿನಲ್ಲೂ ಚೆನ್ನಾಗಿ ಏಳುವ, ಗಿಡ ಗಿಡ್ಡವಾಗಿರುವ ‘ಸ್ವಿಫ್ಟ್’ ತಳಿಯನ್ನೋ ಆರಿಸಿಕೊಳ್ಳುವುದು ಕ್ಷೇಮ. ‘ಲಾರ್ಕ್’, ‘ಅರ್ಲಿಬರ್ಡ್’ ಕೂಡ ಇಲ್ಲಿನ ಬೀಜದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. 1902ರಲ್ಲಿ ಅಮೆರಿಕದ ಬರ್ಪಿ ಕಂಪನಿ ಮಾರುಕಟ್ಟೆಗೆ ತಂದ ‘ಗೋಲ್ಡನ್ ಬ್ಯಾಂಟಮ್’ ಬೀಜ ಉಳಿಸಿಕೊಳ್ಳಬಹುದಾದ ಒಳ್ಳೆಯ ಹಳೆಯ ತಳಿಯಾದರೂ ತಂಪು ವರ್ಷದಲ್ಲಿ ಅದು ತಡವಾಗುತ್ತದೆ. ಊರಿನಿಂದ ತಂದ ಮೆಕ್ಕೆಜೋಳದ ಬೀಜವನ್ನು ಇಲ್ಲಿ ಬಿತ್ತುವ ಆಸೆ ಸಹಜವೇ ಆದರೂ ಅದನ್ನು ಬಿಡಬೇಕು: ಆ ತಳಿಗಳು ಇಷ್ಟು ಕಡಿಮೆ ಶಾಖಕ್ಕೂ, ಇಷ್ಟು ದೀರ್ಘವಾದ ಹಗಲಿಗೂ ರೂಪುಗೊಂಡವಲ್ಲ, ಅಲ್ಲದೆ ಬೀಜ ತರುವುದಕ್ಕೆ ಸಸ್ಯರೋಗ ತಡೆಯ ಕಾನೂನಿನ ನಿರ್ಬಂಧವೂ ಇದೆ.

ಒಂದು ಎಚ್ಚರಿಕೆಯನ್ನು ಬೀಜ ಕೊಳ್ಳುವಾಗಲೇ ಗಮನದಲ್ಲಿ ಇಡಬೇಕು. ಜೋಳದ ಕಾಳಿನ ಒಳತಿರುಳಿನಲ್ಲಿ ತಂದೆಗಿಡದ ಗುಣವೂ ಅದೇ ವರ್ಷ ಕಾಣಿಸಿಕೊಳ್ಳುತ್ತದೆ. ಸಾಮಾನ್ಯ ಸಿಹಿಜೋಳದ ಪರಾಗ ಸೂಪರ್‌ಸ್ವೀಟ್ ತೆನೆಯ ಮೇಲೆ ಬಿದ್ದರೆ, ಅಥವಾ ಸೂಪರ್‌ಸ್ವೀಟ್ ಪರಾಗ ಸಾಮಾನ್ಯ ತೆನೆಯ ಮೇಲೆ ಬಿದ್ದರೆ, ಆ ಕಾಳು ಎರಡೂ ಸಿಹಿಯನ್ನು ಕಳೆದುಕೊಂಡು ಹಿಟ್ಟುಹಿಟ್ಟಾಗುತ್ತದೆ. ಆದ್ದರಿಂದ ಒಂದು ತುಂಡಿನಲ್ಲಿ ಒಂದೇ ಬಗೆಯನ್ನು ಬೆಳೆಯಬೇಕು. ಅಲಾಟ್‌ಮೆಂಟಿನಲ್ಲಿ ಪಕ್ಕದವರು ಏನು ಬಿತ್ತುತ್ತಿದ್ದಾರೆ ಎಂದು ಮಾರ್ಚಿನಲ್ಲೇ ಕೇಳಿ, ಸಾಧ್ಯವಾದರೆ ಎಲ್ಲರೂ ಒಂದೇ ಬಗೆಗೆ ಒಪ್ಪಿಕೊಳ್ಳುವುದು ಉತ್ತಮ. ಇಂಗ್ಲೆಂಡಿನಲ್ಲಿ ಹಸುಗಳ ಮೇವಿಗಾಗಿ ಮೆಕ್ಕೆಜೋಳವನ್ನು ವಿಶಾಲವಾಗಿ ಬೆಳೆಯುತ್ತಾರೆ. ಬೇಲಿಯಾಚೆಗೇ ಅಂಥ ಹೊಲವಿದ್ದರೆ ಅಂಚಿನ ಗಿಡಗಳ ತೆನೆಗಳಲ್ಲಿ ಅಲ್ಲಲ್ಲಿ ಗಟ್ಟಿ ಕಾಳು ಕಾಣಿಸುವುದಕ್ಕೆ ಅದೇ ಕಾರಣ.

ಜಾಗ ಮತ್ತು ಮಣ್ಣು

ದಕ್ಷಿಣಕ್ಕೆ ಮುಖ ಮಾಡಿದ, ಬೆಳಗಿನಿಂದ ಸಂಜೆಯವರೆಗೆ ನೆರಳು ಬೀಳದ, ಗಾಳಿಯ ಹೊಡೆತಕ್ಕೆ ಒಂದಿಷ್ಟು ಮರೆಯಿರುವ ಜಾಗವನ್ನು ಜೋಳಕ್ಕೆ ಮೀಸಲಿಡಬೇಕು. ತೋಟದ ಅತ್ಯುತ್ತಮ ಬಿಸಿಲಿನ ತುಂಡನ್ನು ಇದಕ್ಕೇ ಕೊಡಿ. ಸೊಪ್ಪು, ಬಟಾಣಿ, ಎಲೆಕೋಸು ಅರೆನೆರಳಿನಲ್ಲೂ ಬರುತ್ತವೆ, ಜೋಳ ಬರುವುದಿಲ್ಲ. ಗಿಡ ಎತ್ತರವಾಗುವುದರಿಂದ ಅದನ್ನು ತುಂಡಿನ ಉತ್ತರದ ಬದಿಗೆ ಹಾಕಿದರೆ ಉಳಿದ ಬೆಳೆಗಳ ಮೇಲೆ ನೆರಳು ಬೀಳದು.

ಜೋಳ ಹಸಿವಿನ ಬೆಳೆ. ಶರತ್ಕಾಲದಲ್ಲೋ ಮಾರ್ಚಿನಲ್ಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಸೇರಿಸಬೇಕು. ಆದರೆ ನನ್ನ ದೃಷ್ಟಿಯಲ್ಲಿ ಗೊಬ್ಬರಕ್ಕಿಂತ ಮುಖ್ಯವಾದ ಸಿದ್ಧತೆ ಮಣ್ಣನ್ನು ಬೆಚ್ಚಗಾಗಿಸುವುದು. ನಾಟಿಗೆ ಮೂರು ವಾರ ಮೊದಲು ಪಾತಿಯನ್ನು ಸಮ ಮಾಡಿ, ಚೆನ್ನಾಗಿ ತೇವವಿರುವಾಗಲೇ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟಿಕೊಳ್ಳುವಂತೆ ಬಿಗಿಯಾಗಿ ಹಾಸಿ ಅಂಚುಗಳನ್ನು ಹೂಳಬೇಕು. ಹಾಳೆ ಮಣ್ಣನ್ನು ಮುಟ್ಟದೆ ಗಾಳಿಯಲ್ಲಿ ಎದ್ದು ನಿಂತಿದ್ದರೆ ಅದು ತಾನು ಬಿಸಿಯಾಗುತ್ತದೆಯೇ ಹೊರತು ನೆಲವನ್ನು ಬಿಸಿ ಮಾಡುವುದಿಲ್ಲ. ಬೆಳಿಗ್ಗೆ 9 ಗಂಟೆಗೆ ಹತ್ತು ಸೆಂಟಿಮೀಟರ್ ಆಳದಲ್ಲಿ ಮಣ್ಣಿನ ಥರ್ಮಾಮೀಟರ್ ಚುಚ್ಚಿ ನೋಡಿ. ಸತತವಾಗಿ ಕೆಲವು ದಿನ 13 ಡಿಗ್ರಿಗಿಂತ ಮೇಲೆ, ಸೂಪರ್‌ಸ್ವೀಟ್ ಆದರೆ 15ಕ್ಕಿಂತ ಮೇಲೆ ಇದ್ದರೆ ನೆಲ ಸಿದ್ಧವಾಗಿದೆ ಎಂದರ್ಥ. ಮಧ್ಯಾಹ್ನದ ಅಳತೆ ಆಸೆ ಹುಟ್ಟಿಸುತ್ತದೆ, ಅದನ್ನು ನಂಬಬಾರದು.

ಮನೆಯೊಳಗಿನ ಬಿತ್ತನೆ

ದಕ್ಷಿಣ ಇಂಗ್ಲೆಂಡಿನಲ್ಲಿ ಮೇ ಕೊನೆಗೆ ನೇರವಾಗಿ ನೆಲಕ್ಕೆ ಬಿತ್ತಿ ಗೆಲ್ಲುವವರಿದ್ದಾರೆ. ಉತ್ತರದಲ್ಲಿ ಆ ಸಾಹಸ ಬೇಡ. ಏಪ್ರಿಲ್ ಮೂರನೆಯ ವಾರದಿಂದ ಮೇ ಮೊದಲ ವಾರದೊಳಗೆ ಮನೆಯೊಳಗೆ ಅಥವಾ ಬೆಚ್ಚಗಿನ ಗಾಜಿನ ಮನೆಯಲ್ಲಿ ಬಿತ್ತಬೇಕು. ಅದಕ್ಕೂ ಮೊದಲು ಬಿತ್ತುವುದರಿಂದ ಲಾಭವಿಲ್ಲ, ನಷ್ಟವಿದೆ: ಹೊರಗೆ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಮುಗಿಯುವವರೆಗೆ ಸಸಿ ಕುಂಡದಲ್ಲೇ ಕಾಯಬೇಕಾಗುತ್ತದೆ, ಹಾಗೆ ಬೇರು ಸುತ್ತಿಕೊಂಡು ಇಕ್ಕಟ್ಟಿನಲ್ಲಿ ಕಾದ ಸಸಿ ನಾಟಿಯಾದ ಮೇಲೆ ಮೊಣಕಾಲೆತ್ತರದಲ್ಲೇ ಸೂಲಂಗಿ (ನೆತ್ತಿಯ ಗಂಡುಹೂವು) ಹೊರಡಿಸಿ ಬೆರಳುದ್ದದ ತೆನೆಯನ್ನು ಕೊಡುತ್ತದೆ.

ಜೋಳದ ಬೇರಿಗೆ ಕದಲಿಕೆ ಆಗದು. ಆದ್ದರಿಂದ ಅಗಲವಾದ ತಟ್ಟೆಯಲ್ಲಿ ಒತ್ತಾಗಿ ಬಿತ್ತಿ ಆಮೇಲೆ ಬಿಡಿಸುವ ಪದ್ಧತಿ ಇದಕ್ಕೆ ಸಲ್ಲದು. ಆಳವಾದ ರೂಟ್‌ಟ್ರೇನರ್ (ಸಸಿ ಬೆಳೆಸುವ ಉದ್ದ ಗೂಡುಗಳ ತಟ್ಟೆ), ಎಂಟೊಂಬತ್ತು ಸೆಂಟಿಮೀಟರಿನ ಕುಂಡ, ಅಥವಾ ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಕಾಂಪೋಸ್ಟ್ ತುಂಬಿ, ಒಂದೊಂದರಲ್ಲಿ ಒಂದೊಂದೇ ಕಾಳನ್ನು ಎರಡೂವರೆ ಸೆಂಟಿಮೀಟರ್ ಆಳಕ್ಕೆ ಊರಬೇಕು. ಸೂಪರ್‌ಸ್ವೀಟ್ ಬೀಜವಾದರೆ ಮೊದಲು ಒದ್ದೆ ಅಡುಗೆಮನೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಬೆಚ್ಚಗಿನ ಜಾಗದಲ್ಲಿ ಮೊಳಕೆ ಕಟ್ಟಿ, ಬಿಳಿಯ ಬೇರಿನ ತುದಿ ಇಣುಕಿದ ಕಾಳುಗಳನ್ನಷ್ಟೇ ಕುಂಡಕ್ಕೆ ಹಾಕುವುದು ಜಾಣತನ. ಹೆಸರುಕಾಳು, ಮಡಕೆಕಾಳು ಮೊಳಕೆ ಕಟ್ಟಿ ಅಭ್ಯಾಸವಿರುವ ಮನೆಗಳಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಬೇರು ಅರ್ಧ ಸೆಂಟಿಮೀಟರ್ ದಾಟುವ ಮೊದಲೇ ಊರಬೇಕು, ಮುರಿದ ಬೇರು ಮತ್ತೆ ಬರುವುದಿಲ್ಲ. 20 ಡಿಗ್ರಿಯಲ್ಲಿ ಒಂದು ವಾರದಿಂದ ಹತ್ತು ದಿನದೊಳಗೆ ಮೊಳಕೆ ಮೇಲೆ ಬರುತ್ತದೆ. ಅಲ್ಲಿಯವರೆಗೆ ಕಾಂಪೋಸ್ಟ್ ಹಸಿಯಾಗಿರಬೇಕು, ಕೆಸರಾಗಿರಬಾರದು. ಮೊಳಕೆ ಕಂಡ ಕೂಡಲೇ ಕುಂಡಗಳನ್ನು ಅತಿ ಹೆಚ್ಚು ಬೆಳಕಿನ ಕಿಟಕಿಗೆ ಸಾಗಿಸಬೇಕು. ಶೆಡ್ಡಿನಲ್ಲೋ ಗಾಜಿನ ಮನೆಯಲ್ಲೋ ಬಿತ್ತಿದ್ದರೆ ಇಲಿಯ ಬಗ್ಗೆ ಎಚ್ಚರವಿರಲಿ. ಒಂದೇ ರಾತ್ರಿಯಲ್ಲಿ ಅದು ಕುಂಡಕ್ಕೊಂದರಂತೆ ಕಾಳನ್ನು ಹೆಕ್ಕಿ ಮುಗಿಸಬಲ್ಲದು.

ನಾಟಿ

ಮೂರು ನಾಲ್ಕು ಎಲೆ ಬಂದು, ಬಿತ್ತಿ ನಾಲ್ಕು ವಾರ ಆಗುವ ಹೊತ್ತಿಗೆ ಸಸಿ ನಾಟಿಗೆ ಬರುತ್ತದೆ. ಯಾರ್ಕ್‌ಷೈರಿನಲ್ಲಿ ಮೇ ಕೊನೆಯ ವಾರ ಅಥವಾ ಜೂನ್ ಮೊದಲ ವಾರ ಸರಿಯಾದ ಕಾಲ. ಸ್ಕಾಟ್ಲೆಂಡಿನಲ್ಲಿ ಜೂನ್ ಎರಡನೆಯ ವಾರದವರೆಗೂ ಕಾಯಬೇಕಾಗಬಹುದು. ಅದಕ್ಕೆ ಮೊದಲು ಒಂದು ವಾರ ಅಥವಾ ಹತ್ತು ದಿನ ಸಸಿಗಳನ್ನು ಹಗಲಿನಲ್ಲಿ ಹೊರಗಿಟ್ಟು ರಾತ್ರಿ ಒಳಗೆ ತಂದು ಗಾಳಿ ಬಿಸಿಲಿಗೆ ಒಗ್ಗಿಸಬೇಕು.

ಮುಂದಿನ ಮಾತು ಎಲ್ಲಕ್ಕಿಂತ ಮುಖ್ಯ: ಉದ್ದವಾದ ಒಂದೇ ಸಾಲಿನಲ್ಲಿ ನೆಡಬೇಡಿ, ಚೌಕದಲ್ಲಿ ನೆಡಿ. ಜೋಳದ ಪರಾಗವನ್ನು ಒಯ್ಯುವುದು ಗಾಳಿ. ಒಂಟಿ ಸಾಲಿನಲ್ಲಿ ಅದರ ಬಹುಪಾಲು ಪಕ್ಕದ ಗೆಣಸಿನ ಪಾತಿಗೋ ಕಾಲುದಾರಿಗೋ ಬೀಳುತ್ತದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಗಿಡ, ಒಟ್ಟು 16 ಎಂಬುದು ಕನಿಷ್ಠ. ಐದೈದು ಇದ್ದರೆ ಇನ್ನೂ ಒಳ್ಳೆಯದು. ಗಿಡದಿಂದ ಗಿಡಕ್ಕೂ ಸಾಲಿನಿಂದ ಸಾಲಿಗೂ 40 ಸೆಂಟಿಮೀಟರ್ ಇರಲಿ. ಹೆಚ್ಚು ಒತ್ತಾಗಿ ನೆಟ್ಟರೆ ತಂಪು ನಾಡಿನ ಓರೆಬಿಸಿಲು ಕೆಳಗಿನ ಎಲೆಗಳಿಗೂ ನೆಲಕ್ಕೂ ತಲುಪುವುದಿಲ್ಲ. ಕಪ್ಪು ಹಾಳೆಯನ್ನು ತೆಗೆಯದೆ ಅದರಲ್ಲೇ ಅಡ್ಡಲಾಗಿ ಉದ್ದಲಾಗಿ ಸೀಳಿ ರಂಧ್ರ ಮಾಡಿ, ಕುಂಡದ ಮಣ್ಣುಮುದ್ದೆ ಒಡೆಯದಂತೆ ಸಸಿಯನ್ನು ಮೊದಲಿಗಿಂತ ತುಸು ಆಳಕ್ಕೆ ಇಳಿಸಿ ನೀರು ಕೊಡಿ. ಮೇಲೆ ತೆಳುವಾದ ತೋಟಗಾರಿಕೆಯ ಫ್ಲೀಸ್ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಎರಡು ಮೂರು ವಾರ ಬಿಟ್ಟರೆ ರಾತ್ರಿಯ ಚಳಿ, ಗಾಳಿ, ಪಾರಿವಾಳ ಮೂರರಿಂದಲೂ ಸಸಿ ಉಳಿಯುತ್ತದೆ.

ನಾಟಿಯಾದ ಮೊದಲ ವಾರಗಳಲ್ಲಿ ಎಲೆಯ ಅಂಚು ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ತಣ್ಣನೆಯ ಮಣ್ಣಿನಲ್ಲಿ ಎಳೆಯ ಬೇರು ರಂಜಕವನ್ನು ಹೀರಲಾರದೆ ಹೀಗಾಗುತ್ತದೆ; ಮಣ್ಣಿನಲ್ಲಿ ರಂಜಕ ಇಲ್ಲವೆಂದು ಇದರ ಅರ್ಥವಲ್ಲ. ನೆಲ ಬೆಚ್ಚಗಾದಂತೆ ಹೊಸ ಎಲೆ ಹಸಿರಾಗಿಯೇ ಬರುತ್ತದೆ. ಕೆಳಗಿನ ಎಲೆಗಳು ತುದಿಯಿಂದ ನಡುದಿಂಡಿನ ಗುಂಟ ಒಳಮುಖವಾಗಿ ಹಳದಿಯಾಗುತ್ತ ಬಂದರೆ ಮಾತ್ರ ಅದು ಸಾರಜನಕದ ಹಸಿವು, ಅದಕ್ಕೆ ಮೇಲುಗೊಬ್ಬರ ಬೇಕು. ಗಿಡ ಮೊಣಕಾಲೆತ್ತರ ಬಂದಾಗ ಒಮ್ಮೆ, ಸೂಲಂಗಿ ಕಾಣುವ ಮೊದಲು ಇನ್ನೊಮ್ಮೆ ಕೋಳಿಗೊಬ್ಬರದ ಗುಳಿಗೆಯನ್ನೋ ಸಾರಜನಕವಿರುವ ಬೇರೆ ಗೊಬ್ಬರವನ್ನೋ ಬುಡದ ಸುತ್ತ ಹಾಕಿ ನೀರು ಕೊಡಬೇಕು.

ಬೇರು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಕಳೆಯನ್ನು ಗುದ್ದಲಿಯಿಂದ ಆಳವಾಗಿ ಕೆದಕದೆ ಕೈಯಿಂದ ಕೀಳಿ. ಬುಡದ ಗಿಣ್ಣಿನಿಂದ ದಪ್ಪ ಊರುಬೇರುಗಳು ಹೊರಟಾಗ ಹಾಳೆ ಹಾಕದ ಪಾತಿಯಲ್ಲಿ ಮಣ್ಣು ಏರಿಸಿ. ಆಗಸ್ಟಿನ ಬಿರುಗಾಳಿಗೆ ಗಿಡ ಒರಗದಿರಲು ಇದು ಬೇಕು. ಬುಡದಲ್ಲಿ ಒಡೆಯುವ ಮರಿಕಂದುಗಳನ್ನು ಕೀಳುವ ಅಗತ್ಯವಿಲ್ಲ, ಕಿತ್ತರೆ ಲಾಭವೇನೂ ಆಗದು.

ನಮ್ಮ ಅಕ್ಕಡಿ ಸಾಲಿನ ಪದ್ಧತಿಯನ್ನು ಬಲ್ಲವರಿಗೆ ಜೋಳದ ನಡುವೆ ಬೇರೆ ಬೆಳೆ ಇಡುವ ಮನಸ್ಸಾಗುತ್ತದೆ. ಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬಿಸುವುದು ಬಿಸಿ ನಾಡುಗಳಲ್ಲಿ ಹಳೆಯ ಕ್ರಮವೇ ಆದರೂ ಇಲ್ಲಿ ಬಳ್ಳಿ ಬೇಗ ಬೆಳೆದು ಜೋಳವನ್ನು ಮುಚ್ಚಿ ಅದರ ಬಿಸಿಲನ್ನು ಕಸಿದುಕೊಳ್ಳುತ್ತದೆ. ಇಡಲೇಬೇಕೆಂದರೆ ಚೌಕದ ದಕ್ಷಿಣದ ಅಂಚಿನಲ್ಲಿ ಒಂದೆರಡು ಕುಂಬಳದ ಬಳ್ಳಿ ಇಟ್ಟು, ಜುಲೈ ಕಳೆದ ಮೇಲೆ ಅವು ಒಳಗೆ ಹರಿಯಲು ಬಿಡಬಹುದು.

ಹೂ ಮತ್ತು ಪರಾಗ

ಜುಲೈ ಕೊನೆಗೆ ಗಿಡದ ನೆತ್ತಿಯಲ್ಲಿ ಗಂಡುಹೂವಿನ ಸೂಲಂಗಿ ಹೊರಡುತ್ತದೆ, ಕೆಲವು ದಿನಗಳಲ್ಲಿ ಎಲೆಯ ಕಂಕುಳಿನ ತೆನೆಯಿಂದ ರೇಷ್ಮೆಯಂಥ ಎಳೆಗಳು ಹೊರಬರುತ್ತವೆ. ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದು. ಎಳೆಗೆ ಪರಾಗ ಅಂಟದಿದ್ದರೆ ಆ ಕಾಳಿನ ಜಾಗ ಜೊಳ್ಳಾಗಿ ಉಳಿಯುತ್ತದೆ. ತೆನೆಯ ಬುಡದ ಕಾಳುಗಳ ಎಳೆ ಮೊದಲು ಹೊರಬರುತ್ತದೆ, ತುದಿಯವು ಕೊನೆಗೆ. ತಂಪು ಬೇಸಿಗೆಯಲ್ಲಿ ಆ ಹೊತ್ತಿಗೆ ಪರಾಗ ಮುಗಿದಿರುವುದರಿಂದ ತೆನೆಯ ತುದಿ ಬೋಳಾಗುವುದು ಇಲ್ಲಿ ಸಾಮಾನ್ಯ. ನಡುನಡುವೆ ಹಲ್ಲು ಉದುರಿದಂತೆ ಕಾಳು ತಪ್ಪಿದ್ದರೆ ಮಳೆಗೆ ಪರಾಗ ನೆನೆದು ಹಾರದೇ ಹೋಗಿದೆ ಎಂದು ತಿಳಿಯಬೇಕು.

ಆದ್ದರಿಂದ ಕೈಯಿಂದ ಪರಾಗ ಕೊಡುವುದನ್ನು ನಾನು ಎಲ್ಲರಿಗೂ ಒತ್ತಾಯದಿಂದ ಹೇಳುತ್ತೇನೆ. ಮಳೆಯಿಲ್ಲದ ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ, ಸೂಲಂಗಿಯ ಕೆಳಗೆ ಒಣಗಿದ ಬಟ್ಟಲನ್ನೋ ಕಾಗದದ ಚೀಲವನ್ನೋ ಹಿಡಿದು ಮೆಲ್ಲಗೆ ತಟ್ಟಿದರೆ ಹಳದಿ ಪುಡಿ ಉದುರುತ್ತದೆ. ಅದನ್ನು ಕೂಡಲೇ ಮೃದುವಾದ ಕುಂಚದಿಂದ ಬೇರೆ ಬೇರೆ ಗಿಡಗಳ ಎಳೆಗಳ ಮೇಲೆ ಸವರಬೇಕು. ಕೂಡಿಟ್ಟ ಪರಾಗ ಮರುದಿನಕ್ಕೆ ಕೆಲಸಕ್ಕೆ ಬಾರದು. ನಾಲ್ಕೈದು ದಿನ ಬಿಡದೆ ಹೀಗೆ ಮಾಡಿದರೆ ತಡವಾಗಿ ಬಂದ ಎಳೆಗಳಿಗೂ ಪಾಲು ಸಿಗುತ್ತದೆ. ಪರಾಗ ದಕ್ಕದ ಎಳೆ ಇನ್ನೂ ಉದ್ದವಾಗುತ್ತಲೇ ಹೋಗುತ್ತದೆ, ದಕ್ಕಿದ್ದು ಬೆಳವಣಿಗೆ ನಿಲ್ಲಿಸಿ ಬಾಡುತ್ತದೆ. ತೆನೆಯ ತುದಿಯಲ್ಲಿ ತಾಜಾ ಎಳೆಯ ಉದ್ದ ಗೊಂಚಲು ಹಲವು ದಿನ ಹಾಗೇ ಉಳಿದಿದ್ದರೆ ಅಲ್ಲಿಗೆ ಪರಾಗ ತಲುಪಿಲ್ಲವೆಂದೇ ಅರ್ಥ. ಪಾಲಿಟನೆಲ್ಲಿನಲ್ಲಿ (ಪ್ಲಾಸ್ಟಿಕ್ ಹೊದಿಸಿದ ಸುರಂಗದಂಥ ಮನೆಯಲ್ಲಿ) ಬೆಳೆಯುವವರಿಗೆ ಗಾಳಿಯ ನೆರವು ಇಲ್ಲದ್ದರಿಂದ ಈ ಕೆಲಸ ಅನಿವಾರ್ಯ.

ನೀರಿನ ವಿಷಯದಲ್ಲಿ ಉದಾಸೀನ ಸಲ್ಲದ ಕಾಲವೂ ಇದೇ. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಬೇಸಿಗೆಯ ನಡುವೆ ಮಳೆ ವಾರಗಟ್ಟಲೆ ತಪ್ಪಬಹುದು. ಸೂಲಂಗಿ ಹೊರಟಲ್ಲಿಂದ ಕಾಳು ತುಂಬುವವರೆಗೆ ಮಣ್ಣು ಒಣಗಲು ಬಿಡದೆ ವಾರಕ್ಕೆ ಎರಡು ಸಲ ಬುಡ ತುಂಬ ನೀರು ಕೊಡಬೇಕು.

ಕೀಟಗಳ ಕಾಟ ಇಲ್ಲಿ ಕಡಿಮೆ. 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಾಣಿಸಿಕೊಂಡು ದೇಶವಿಡೀ ಹರಡಿದ ಫಾಲ್ ಸೈನಿಕ ಹುಳುವಿನ ಹಾವಳಿಯನ್ನು ನೋಡಿದವರಿಗೆ ಇದು ನೆಮ್ಮದಿಯ ಸಂಗತಿ. ಎಳೆಯ ಸಸಿಗೆ ಗೊಂಡೆಹುಳು, ಕಾಳಿಗೆ ಅಳಿಲು ಮತ್ತು ಕಾಗೆ ಬರುತ್ತವೆ. ನಿಜವಾದ ಹಾನಿ ಮಾಡುವುದು ಬ್ಯಾಜರ್ ಎಂಬ ಪ್ರಾಣಿ: ತೆನೆ ಸಿಹಿಯಾದ ರಾತ್ರಿಯೇ ಬಂದು ದಂಟನ್ನೇ ಕೆಡವಿ ತಿನ್ನುತ್ತದೆ. 1992ರ ಕಾಯ್ದೆಯಡಿ ಅದು ಸಂರಕ್ಷಿತ ಪ್ರಾಣಿ, ಅದಕ್ಕೆ ಹಾನಿ ಮಾಡುವಂತಿಲ್ಲ. ಅದರ ಓಡಾಟವಿರುವ ಕಡೆ ನೆಲಕ್ಕೆ ಹತ್ತಿರವಾಗಿ ಎರಡು ಮೂರು ಎಳೆಯ ವಿದ್ಯುತ್ ಬೇಲಿಯನ್ನು ಆಗಸ್ಟ್ ಆರಂಭದಲ್ಲೇ ಹಾಕಬೇಕು.

ಕೊಯ್ಲು

ಬಿಸಿ ನಾಡಿನಲ್ಲಿ ಎಳೆ ಹೊರಬಂದ ಮೂರು ವಾರಕ್ಕೆ ತೆನೆ ಸಿದ್ಧ; ಇಲ್ಲಿ ನಾಲ್ಕು ವಾರ, ಸೆಪ್ಟೆಂಬರ್ ತಣ್ಣಗಿದ್ದರೆ ಐದೂ ಆಗಬಹುದು. ಎಳೆಗಳು ಒಣಗಿ ಕಂದುಬಣ್ಣಕ್ಕೆ ತಿರುಗುವುದು ಪರೀಕ್ಷೆ ಆರಂಭಿಸುವ ಸೂಚನೆಯೇ ಹೊರತು ಕೊಯ್ಯುವ ಅಪ್ಪಣೆಯಲ್ಲ. ಮೊದಲು ತೆನೆಯ ತುದಿಯನ್ನು ಸಿಪ್ಪೆಯ ಮೇಲಿನಿಂದಲೇ ಒತ್ತಿ ನೋಡಿ: ಚೂಪಾಗಿದ್ದರೆ ಇನ್ನೂ ತುಂಬಿಲ್ಲ, ಮೊಂಡಾಗಿದ್ದರೆ ತುಂಬಿದೆ. ಆಮೇಲೆ ಸಿಪ್ಪೆಯನ್ನು ಎರಡು ಬೆರಳಷ್ಟು ಬಿಡಿಸಿ ನಡುವಿನ ಒಂದು ಕಾಳಿಗೆ ಉಗುರು ಒತ್ತಿ. ತಿಳಿನೀರು ಚಿಮ್ಮಿದರೆ ಸಿಪ್ಪೆ ಮುಚ್ಚಿ ನಾಲ್ಕೈದು ದಿನ ಬಿಡಿ. ಹಾಲು ಬಂದರೆ ಅಂದೇ ಕೊಯ್ಯಿರಿ. ಹಿಟ್ಟಿನ ಮುದ್ದೆ ಬಂದರೆ ಹೊತ್ತು ಮೀರಿದೆ. ಸೂಪರ್‌ಸ್ವೀಟ್ ತಳಿಗಳಲ್ಲಿ ಹಾಲು ಅಷ್ಟು ಬೆಳ್ಳಗಿರುವುದಿಲ್ಲ, ಅಲ್ಲಿ ಕಾಳಿನ ತುಂಬು ಮತ್ತು ಗಾಢ ಹಳದಿಯನ್ನು ನೋಡಿಯೇ ನಿರ್ಧರಿಸಬೇಕು. ಒಂದು ಗಿಡಕ್ಕೆ ಒಂದು ಒಳ್ಳೆಯ ತೆನೆ, ಬಿಸಿಲು ಚೆನ್ನಾಗಿದ್ದ ವರ್ಷ ಎರಡು. ಅದಕ್ಕಿಂತ ಹೆಚ್ಚು ಇಲ್ಲಿ ನಿರೀಕ್ಷಿಸಬಾರದು.

ತೆನೆಯನ್ನು ಕೆಳಕ್ಕೆ ಬಾಗಿಸಿ ತಿರುಚಿದರೆ ಕಳಚಿಕೊಳ್ಳುತ್ತದೆ. ಸಾಮಾನ್ಯ ಸಿಹಿಜೋಳದ ಸಕ್ಕರೆ ಕೊಯ್ದ ಗಳಿಗೆಯಿಂದಲೇ ಪಿಷ್ಟವಾಗತೊಡಗುವುದರಿಂದ ಒಲೆಯ ಮೇಲೆ ನೀರಿಟ್ಟ ಮೇಲೆಯೇ ಕೊಯ್ಯಬೇಕು ಎನ್ನುವವರ ಮಾತಿನಲ್ಲಿ ಅತಿಶಯವಿಲ್ಲ. ಕುದಿಯುವ ನೀರಿನಲ್ಲಿ ಐದು ನಿಮಿಷ ಸಾಕು. ಉಪ್ಪನ್ನು ನೀರಿಗೆ ಹಾಕದೆ ತಟ್ಟೆಯಲ್ಲಿ ಹಾಕಿಕೊಳ್ಳಿ. ಒಮ್ಮೆಲೇ ತಿನ್ನಲಾಗದಷ್ಟು ಬಂದರೆ ಅಂದೇ ಬೇಯಿಸಿ ತಣ್ಣೀರಿನಲ್ಲಿ ಅದ್ದಿ, ಕಾಳು ಬಿಡಿಸಿ ಫ್ರೀಜರಿನಲ್ಲಿ ಇಡಬಹುದು. ಹೊತ್ತು ಮೀರಿ ಹಿಟ್ಟಾದ ತೆನೆಗಳ ಕಾಳನ್ನು ತರಿತರಿಯಾಗಿ ರುಬ್ಬಿ ಹಸಿಮೆಣಸಿನಕಾಯಿ, ಕೊತ್ತಂಬರಿ, ತುಸು ಅಕ್ಕಿಹಿಟ್ಟು ಸೇರಿಸಿ ವಡೆ ಮಾಡಬಹುದು; ವಡೆಗೆ ಹಾಲುತೆನೆಗಿಂತ ಇಂಥ ಹಿಟ್ಟುಕಾಳೇ ಹೆಚ್ಚು ಹೊಂದುತ್ತದೆ.

ಅಕ್ಟೋಬರಿಗೆ ಕಾಲಿಟ್ಟು ರಾತ್ರಿಗಳು 5 ಡಿಗ್ರಿಗೆ ಇಳಿದ ಮೇಲೆ ತುಂಬದ ತೆನೆ ಇನ್ನು ತುಂಬುವುದಿಲ್ಲ. ಅಂಥವನ್ನು ಕಾಯದೆ ಕೊಯ್ದು, ಎಳೆಕಾಳನ್ನು ಕೆರೆದು ಸಾರಿಗೋ ಸೂಪಿಗೋ ಬಳಸಿ. ದಂಟು ಗಡುಸಾಗಿ ಕಾಂಪೋಸ್ಟ್ ಗುಂಡಿಯಲ್ಲಿ ಬೇಗ ಕಳಿಯದ ಕಾರಣ ಗೇಣುದ್ದಕ್ಕೆ ಕಡಿದು, ಗುದ್ದಲಿಯ ಹಿಂಬದಿಯಿಂದ ಜಜ್ಜಿ ಹಾಕಬೇಕು. ಮಿಶ್ರತಳಿಯ ತೆನೆಯಿಂದ ಮುಂದಿನ ವರ್ಷಕ್ಕೆ ಬೀಜ ಎತ್ತಿಡಬೇಡಿ. ಅದರ ಸಂತತಿ ಬೇಗ ಬರುವ ಗುಣವನ್ನು ಒಂದೇ ಸಮನೆ ಉಳಿಸಿಕೊಳ್ಳುವುದಿಲ್ಲ, ಮತ್ತು ಈ ನೆಲದಲ್ಲಿ ನಮಗೆ ಬೇಕಾಗಿರುವುದು ಆ ಗುಣವೇ.